ಹೃದಯದ ಶಸ್ತ್ರಕ್ರಿಯೆಯಾದ ಮಕ್ಕಳ ಉಸಿರು

ಭಾಮಿನಿ ಷಟ್ಪದಿಯ ಮೊದಲೆರಡು ಸಾಲುಗಳು 14 ಮಾತ್ರೆಗಳಿಗೆ ಮುಗಿಯುತ್ತವೆ. ಮೂರನೆಯದು 23 ಮಾತ್ರೆಗಳವರೆಗೆ ಬೆಳೆಯುತ್ತದೆ. ಅದನ್ನು ತಡೆಯಿಲ್ಲದೆ ಹೇಳಲು ಉಸಿರು ಸಾಲಬೇಕು. ಕೃಷ್ಣೆಯ ದಂಡೆಯ ನಮ್ಮ ಹಿಪ್ಪರಗಿಯ ಕಡೆಯ ಒಬ್ಬ ಹುಡುಗ, ಎಂಟನೆಯ ಇಯತ್ತೆಯವನು, ಹೃದಯದ ಶಸ್ತ್ರಕ್ರಿಯೆ ಮಾಡಿಸಿಕೊಂಡು ಐದು ವಾರಗಳ ತರುವಾಯ ತರಗತಿಗೆ ಬಂದ. ಬಂದ ವಾರವೇ ಆ ಸಾಲನ್ನು ಒಂದೇ ಉಸಿರಿಗೆ ಹೇಳಿ ಶಹಬ್ಬಾಸ್ ಎನ್ನಿಸಿಕೊಂಡ. ಮರುವಾರ ಅದೇ ಸಾಲನ್ನು ಎರಡು ಕಡೆ ತುಂಡರಿಸಿದ. ‘ಲಕ್ಷ್ಯ ಎಲ್ಲೈತೋ ನಿಂದು?’ ಎಂದು ಗದರಿಸಿ ಕೂಡ್ರಿಸಿದೆ. ಯತಿಯೆಂದರೆ ಉಸಿರ್ದಾಣವೆಂದು ಸುಮಾರು ಮೂವತ್ತು ವರ್ಷ ಪಾಠ ಹೇಳಿದವನಿಗೆ ಎದುರಿಗೆ ನಿಂತ ಹುಡುಗನ ಉಸಿರು ತಿಳಿಯಲಿಲ್ಲ.

ಮೂರು ದಿನಗಳ ಮೇಲೆ ಅವನ ತಂದೆ ಬಂದರು. ಹುಡುಗ ರಾತ್ರಿ ಅಡ್ಡಾಗಲಾರದೆ ಗೋಡೆಗೆ ಒರಗಿ ಕುಳಿತೇ ನಿದ್ರೆ ಮಾಡುತ್ತಿದ್ದನಂತೆ, ಮೈ ಬಿಸಿಯಾಗಿತ್ತಂತೆ. ನೆಗಡಿಯ ಜ್ವರವೆಂದು ಮನೆಯಲ್ಲಿ ಅರಿಸಿನದ ಹಾಲು ಕೊಡುತ್ತಿದ್ದರು. ಆಸ್ಪತ್ರೆಗೆ ಒಯ್ದಾಗ ಎಡಗಡೆಯ ಪುಪ್ಪುಸದ ಸುತ್ತ ನೀರು ಸೇರಿದ್ದು ಗೊತ್ತಾಯಿತು. ಹೃದಯದ ಸುತ್ತಲೂ ಸ್ವಲ್ಪ ಇತ್ತು. ಹೃದಯವನ್ನು ಮುಚ್ಚಿಕೊಂಡಿರುವ ಪೊರೆಯನ್ನು ಕೊಯ್ದ ಮೇಲೆ, ಕೆಲವರಲ್ಲಿ ಕೆಲವು ದಿನ ಅಥವಾ ಕೆಲವು ವಾರ ಕಳೆದು ಇಂಥ ಉರಿಯೂತ ಏಳುವುದುಂಟು. ಜ್ವರ, ಎದೆನೋವು, ಅಂಗಾತ ಮಲಗಿದರೆ ಸಂಕಟ, ಇವು ಅದರ ಗುರುತುಗಳು.

ನಾನು ವೈದ್ಯನಲ್ಲ. ಆ ಹುಡುಗನ ಹಾಸಿಗೆಯ ಬದಿಯಲ್ಲಿ ಕುಳಿತು ವೈದ್ಯರನ್ನು ಕೇಳಿ, ಆಮೇಲೆ ಓದಿ ತಿಳಿದುಕೊಂಡದ್ದನ್ನು ತಮ್ಮ ಮುಂದಿಡುತ್ತಿದ್ದೇನೆ. ‘ಎದಿಯೊಳಗಿನ ತೂತು ಮುಚ್ಯಾರ್ರಿ ಸರ, ಇನ್ನೇನೂ ಭಯ ಇಲ್ಲಂದಾರ’ ಎಂದು ಅವನ ತಾಯಿ ಮೊದಲು ಹೇಳಿದ್ದರು. ನಾನೂ ನಂಬಿದ್ದೆ. ಕನ್ನಡದಲ್ಲಿ ಎದೆಯೆಂದರೆ ಹೃದಯವೂ ಹೌದು, ಅದು ಇರುವ ಗೂಡೂ ಹೌದು. ಹೃದಯಕ್ಕೆ ಗುಂಡಿಗೆಯೆಂಬ ಮಾತಾದರೂ ಬೇರೆ ಉಂಟು. ಪುಪ್ಪುಸಕ್ಕೆ ಮನೆಮಾತಿನಲ್ಲಿ ಹೆಸರೇ ಅಪರೂಪ. ‘ಎದೆ ಸರಿಯಾಯಿತು’ ಎಂದೊಡನೆ ಅದರ ಪಕ್ಕದಲ್ಲಿರುವ ಇವೆರಡನ್ನೂ ಮರೆತುಬಿಡುತ್ತೇವೆ.

ಆದರೆ ಹೃದಯವನ್ನು ತೆರೆದು ಮಾಡುವ ಶಸ್ತ್ರಕ್ರಿಯೆಯಲ್ಲಿ ಪುಪ್ಪುಸಗಳದೂ ಪಾಲುಂಟು. 1953ರ ಮೇ ತಿಂಗಳಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಡಾ. ಜಾನ್ ಗಿಬ್ಬನ್ನರು 18 ವರ್ಷದ ತರುಣಿಯೊಬ್ಬಳ ಹೃದಯದ ರಂಧ್ರವನ್ನು ಮುಚ್ಚಿದಾಗ, ರಕ್ತವನ್ನು ಹರಿಸುವ ಕೆಲಸವನ್ನೂ ಅದಕ್ಕೆ ಪ್ರಾಣವಾಯು ಬೆರೆಸುವ ಕೆಲಸವನ್ನೂ ಯಂತ್ರವೊಂದು ವಹಿಸಿಕೊಂಡಿತ್ತು. ಇಂದಿಗೂ ಕ್ರಮ ಅದೇ. ಯಂತ್ರ ನಡೆಯುವಷ್ಟು ಹೊತ್ತು ಪುಪ್ಪುಸಗಳು ಗಾಳಿಯಿಳಿದು ಕುಗ್ಗಿರುತ್ತವೆ. ಮತ್ತೆ ಉಬ್ಬಿಸಿದಾಗ ಒಂದೊಂದು ಮೂಲೆ ಮುದುಡಿಕೊಂಡೇ ಉಳಿಯಬಹುದು. ಗಾಯದ ನೋವಿಗೆ ಹೆದರಿ ಮಗು ಕೆಮ್ಮದಿದ್ದರೆ ಕಫ ಅಲ್ಲಿಯೇ ನಿಂತು ಸೋಂಕಿಗೆ ಎಡೆಮಾಡುತ್ತದೆ. ನೋವಿನ ಔಷಧ ಕೊಟ್ಟು, ಎದೆಗೆ ದಿಂಬು ಅಪ್ಪಿಸಿ, ಕೆಮ್ಮು ಎಂದು ದಾದಿಯರು ಪೀಡಿಸುವುದು ಇದಕ್ಕೇ. ಅದು ನಿರ್ದಯವೆಂದು ತಾವು ಮುನಿಯಬಾರದು.

ಈ ತೊಡಕುಗಳನ್ನು ಕಂಡುಹಿಡಿಯುವ ಬಗೆ ಹಳೆಯದು. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳಿನಿಂದ ಬಾರಿಸಿ ನೋಡುತ್ತೇವಲ್ಲವೆ? ಛತ್ರ ನಡೆಸುವವನ ಮಗನಾದ ವಿಯೆನ್ನಾದ ವೈದ್ಯ ಆವೆನ್‌ಬ್ರುಗ್ಗರ್ 1761ರಲ್ಲಿ, ಎದೆಯನ್ನೂ ಹಾಗೆಯೇ ಬೆರಳಿನಿಂದ ಬಡಿದು ಪರೀಕ್ಷಿಸಬಹುದೆಂದು ಪುಸ್ತಕ ಬರೆದ. ನೀರು ನಿಂತಲ್ಲಿ ಮಂದ ಶಬ್ದ. ಪುಪ್ಪುಸದ ಹೊರಗೆ ಗಾಳಿ ಸೇರಿದಲ್ಲಿ ತಮಟೆಯಂಥ ಶಬ್ದ. 1816ರಲ್ಲಿ ಪ್ಯಾರಿಸಿನ ಲೆನೆಕ್ ಕಾಗದದ ಸುರುಳಿಯನ್ನು ಎದೆಗಿಟ್ಟು ಆಲಿಸಿದ್ದರಿಂದ ಸ್ಟೆತಾಸ್ಕೋಪ್ ಬಂತು. ಅನಂತರದ್ದು ಕ್ಷ-ಕಿರಣ. ಅಂಗಾತ ಮಲಗಿದ ಮಗುವಿನ ಕ್ಷ-ಕಿರಣ ಚಿತ್ರದಲ್ಲಿ ನೀರು ಬೆನ್ನಿನ ಕಡೆಗೆ ಹರಡಿ ಬರಿಯ ಮಬ್ಬಾಗಿ ಕಾಣಬಹುದು. ಅದು ನೀರೋ, ಮುದುಡಿದ ಭಾಗವೋ, ಸೋಂಕೋ ಹೇಳುವುದು ಕಷ್ಟ.

ಇಲ್ಲಿ ನೆರವಿಗೆ ಬಂದದ್ದು ಅಲ್ಟ್ರಾಸೌಂಡ್. ಗಾಳಿಯ ಮೂಲಕ ಅದರ ಧ್ವನಿ ಸಾಗದು. ಆದ್ದರಿಂದ ಪುಪ್ಪುಸಕ್ಕೆ ಅದು ನಿರುಪಯೋಗಿಯೆಂದೇ ಬಹುಕಾಲ ಎಣಿಸಿದ್ದರು. ಕಳೆದ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಡಾ. ಲಿಖ್ಟೆನ್‌ಸ್ಟೈನ್ ಮೊದಲಾದವರು, ಗಾಳಿ ತುಂಬಿದ ಪುಪ್ಪುಸ ಉಸಿರಿನೊಡನೆ ಜಾರುವುದನ್ನೂ ನೀರು ಸೇರಿದಾಗ ಮೂಡುವ ಗೆರೆಗಳನ್ನೂ ಓದುವ ಬಗೆಯನ್ನು ಬೆಳೆಸಿದರು. ಹಾಸಿಗೆಯ ಬಳಿಯಲ್ಲೇ ಎಷ್ಟು ಸಲ ಬೇಕಾದರೂ ನೋಡಬಹುದು, ವಿಕಿರಣದ ಅಂಜಿಕೆಯಿಲ್ಲ. ಆದರೆ ಹಿಡಿದ ಕೈ ಪಳಗಿರಬೇಕು.

ಇದರ ಹೆಚ್ಚಿನ ಉಪಯೋಗ ವಪೆಯ ವಿಷಯದಲ್ಲಿ. ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಈ ಸ್ನಾಯುವಿನ ನರಗಳು ಹೃದಯದ ಎರಡೂ ಪಕ್ಕದಲ್ಲಿ ಹಾದು ಇಳಿಯುತ್ತವೆ. ಶಸ್ತ್ರಕ್ರಿಯೆಯಲ್ಲಿ ಒಂದು ನರ ನೊಂದರೆ ಅರ್ಧ ವಪೆ ನಿಷ್ಕ್ರಿಯವಾಗಿ, ಉಸಿರೆಳೆದಾಗ ಕೆಳಗಿಳಿಯಬೇಕಾದದ್ದು ಮೇಲಕ್ಕೇರುತ್ತದೆ. ಕೂಸುಗಳ ಉಸಿರಾಟವೆಲ್ಲ ಬಹುಮಟ್ಟಿಗೆ ವಪೆಯದೇ. ಉಸಿರಾಟದ ಯಂತ್ರ ಎರಡೂ ಕಡೆ ಗಾಳಿ ನೂಕುತ್ತಿರುವಾಗ ಈ ದೋಷ ಮರೆಯಾಗಿರುತ್ತದೆ. ಯಂತ್ರ ಕಳಚಿದ ಮಗು ಮತ್ತೆ ಮತ್ತೆ ಬಳಲಿದರೆ ವೈದ್ಯರು ವಪೆಯ ಚಲನೆಯನ್ನು ನೋಡುತ್ತಾರೆ.

ಇನ್ನೊಂದು ವಿಚಿತ್ರ ಗುರುತು. ಎದೆಯಿಂದ ನೀರು ಇಳಿಸುವ ನಳಿಗೆಯಲ್ಲಿ ತಿಳಿಯಾಗಿದ್ದ ದ್ರವ, ಮಗು ಹಾಲು ಕುಡಿಯಲು ತೊಡಗಿದ ಮೇಲೆ ಹಾಲಿನಂತೆ ಬೆಳ್ಳಗಾಗುತ್ತದೆ. ಆಹಾರದ ಕೊಬ್ಬನ್ನು ಒಯ್ಯುವ ನಾಳಕ್ಕೆ ಪೆಟ್ಟಾಗಿದೆಯೆಂದು ಅದರ ಅರ್ಥ. ಆಗ ಕೆಲವು ದಿನ ಕೊಬ್ಬು ಕಡಿಮೆಯಾದ ಬೇರೆ ಆಹಾರ ಕೊಡುತ್ತಾರೆ. ‘ತಾಯಿ ಹಾಲು ಯಾಕ ಬಿಡಸ್ತಾರ’ ಎಂದು ಅಜ್ಜಿಯರು ಜಗಳ ತೆಗೆಯುವ ಮುನ್ನ ಇದನ್ನು ತಿಳಿದಿರುವುದು ಲೇಸು.

ಆಸ್ಪತ್ರೆಯಲ್ಲಿ ಇಷ್ಟೆಲ್ಲ ಕಣ್ಣುಗಳು ಕಾಯುತ್ತವೆ. ನಮ್ಮ ಕಡೆಯಿಂದ ಬೆಂಗಳೂರಿಗೆ ಒಂದು ಇಡೀ ರಾತ್ರಿಯ ದಾರಿ. ಬೆಳಗಾವಿ, ಧಾರವಾಡಗಳೂ ಮಗ್ಗುಲಲ್ಲಿಲ್ಲ. ಮನೆಗೆ ಮರಳಿದ ಮೇಲೆ ಕಾಯಬೇಕಾದವರು ತಾವೇ. ಮಗು ನಿದ್ರೆಯಲ್ಲಿರುವಾಗ ಅಂಗಿ ಸರಿಸಿ ಪೂರ್ತಿ ಒಂದು ನಿಮಿಷ ಉಸಿರನ್ನು ಎಣಿಸಿರಿ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟಾದರೆ ಅಥವಾ ಅದನ್ನು ಮೀರಿದರೆ ವೇಗದ ಉಸಿರೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ದೊಡ್ಡ ಮಕ್ಕಳಲ್ಲಿ, ಆಸ್ಪತ್ರೆಯಿಂದ ಬಂದ ದಿನದ ಎಣಿಕೆಯನ್ನು ಬರೆದಿಟ್ಟು ಹೋಲಿಸಬೇಕು. ಪಕ್ಕೆಲುಬಿನ ನಡುವೆ ಚರ್ಮ ಒಳಸೇದುವುದು, ಮೂಗಿನ ಹೊಳ್ಳೆ ಅರಳುವುದು, ನರಳಿಕೆ, ಹಾಲು ಕುಡಿಯುವಾಗ ಬೆವರುವುದು, ಜ್ವರ: ಇವುಗಳಲ್ಲಿ ಯಾವುದು ಕಂಡರೂ ಶಸ್ತ್ರಕ್ರಿಯೆಯ ಕಾಗದಪತ್ರಗಳೊಡನೆ ಅಂದೇ ವೈದ್ಯರಲ್ಲಿಗೆ ಒಯ್ಯಿರಿ. ತುಟಿ ನೀಲಿಯಾದರೆ 108ಕ್ಕೆ ಕರೆ ಮಾಡಿರಿ. ಶಾಲೆಯ ಮಾಸ್ತರರಿಗೂ ಹೇಳಿಡಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರು ಈ ಹುಡುಗನ ಹೃದಯದ ದೋಷವನ್ನು ಗುರುತಿಸಿದ್ದು ಶಾಲೆಯಲ್ಲಿಯೇ. ಮುಂದಿನದನ್ನು ಗುರುತಿಸಬೇಕಾಗಿದ್ದವನು ನಾನು.

ಅವನಿಗೆ ಔಷಧದಿಂದಲೇ ನೀರು ಇಳಿಯಿತು. ಎರಡು ತಿಂಗಳ ಕಾಲ ಅವನ ತಾಯಿ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ರಾತ್ರಿಯ ಎಣಿಕೆಯನ್ನು ಬರೆದರು. ಈಗ ಶಾಲೆಗೆ ಬರುತ್ತಿದ್ದಾನೆ. ಮೂರನೆಯ ಸಾಲಿನಲ್ಲಿ ಒಮ್ಮೊಮ್ಮೆ ನಿಲ್ಲುತ್ತಾನೆ. ನಿಂತಾಗ ನಾನು ಮೊದಲು ಅವನ ಎದೆಯ ಏರಿಳಿತವನ್ನು ನೋಡುತ್ತೇನೆ, ಪದ್ಯವನ್ನು ಆಮೇಲೆ ಕೇಳುತ್ತೇನೆ.