ಆ ಡಬ್ಬದಲ್ಲಿಟ್ಟದ್ದು ಈ ಡಬ್ಬದಲ್ಲಿ ಬರುವುದೇ?

(ಸೂಳಗಿರಿಯಲ್ಲಿ ತೋಟದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಈ ಸಂಜೆ ಕಂಪ್ಯೂಟರಿನ ವಿಷಯ ಮಾತನಾಡುತ್ತೇವೆಂದಾಗ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕರು. ನಗಲಿ. ನಾವು ಎಸ್.ಎಸ್.ಎಲ್.ಸಿ. ಓದಿದವರೇ ಹೊರತು ಎಂಜಿನಿಯರರಲ್ಲ. ಆದರೂ ಕಳೆದ ಮಳೆಗಾಲದಲ್ಲಿ ಸಂಘದ ಕಚೇರಿಯಲ್ಲಿ ನಡೆದ ಸಂಗತಿ ನಿಮ್ಮೆಲ್ಲರ ಗ್ರಾಚ್ಯುಟಿಗೂ ಪಿ.ಎಫ್.ಗೂ ಸಂಬಂಧಪಟ್ಟದ್ದಾದ್ದರಿಂದ ಅದನ್ನು ಮುಚ್ಚಿಡುವುದು ಸರಿಯಲ್ಲ.

ನೀವು ತಂದುಕೊಟ್ಟ ಸಂಬಳದ ಚೀಟಿಗಳು, ಕೆಲಸಕ್ಕೆ ಸೇರಿದ ದಿನಾಂಕಗಳು, ಚಂದಾ ಲೆಕ್ಕ ಎಲ್ಲವನ್ನೂ ನಾವು ಒಂದು ಸರ್ವರಿನಲ್ಲಿ ಇಟ್ಟಿದ್ದೆವು. ಸರ್ವರ್ ಎಂದರೆ ಊರಿನ ನೀರಿನ ಟ್ಯಾಂಕಿನಂತೆ. ಮೇಜಿನ ಮೇಲಿನ ಇತರ ಯಂತ್ರಗಳೆಲ್ಲ ಅದಕ್ಕೆ ಜೋಡಿಸಿದ ಕೊಳಾಯಿಗಳು. ಒಂದು ರಾತ್ರಿ ಗುಡುಗು ಮಳೆ ಬಂದು, ಕರೆಂಟು ಏರಿಳಿದು, ಟ್ಯಾಂಕೇ ಒಡೆಯಿತು. ನಾವು ಹೆದರಲಿಲ್ಲ. ನಾಲ್ಕು ವರ್ಷಗಳಿಂದ ಪ್ರತಿ ಶನಿವಾರ ಸಂಜೆ ಎಲ್ಲವನ್ನೂ ಒಂದು ಹೊರಗಿನ ಡಿಸ್ಕಿಗೆ ಬ್ಯಾಕಪ್ ಮಾಡಿ ಬೀರುವಿನಲ್ಲಿ ಬೀಗ ಹಾಕಿ ಇಡುತ್ತಿದ್ದೆವು. ಆದರೆ ಆ ನಾಲ್ಕು ವರ್ಷಗಳಲ್ಲಿ ಒಂದು ದಿನವೂ ಆ ಡಿಸ್ಕನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಿರಲಿಲ್ಲ. ಇದು ನಮ್ಮ ತಪ್ಪು.

ಹೊಸೂರಿನಿಂದ ಹಳೆಯ ಕಂಪ್ಯೂಟರೊಂದನ್ನು ಕೊಂಡು ತಂದೆವು. ಸಹಾಯಕ್ಕೆ ಬಂದ ಹುಡುಗ ಮೊದಲು ಸರ್ವರಿನ ಇಡೀ ವ್ಯವಸ್ಥೆಯನ್ನೇ ಅದರೊಳಗೆ ತುಂಬಲು ಹೋದ. ಪರದೆ ನೀಲಿಯಾಗಿ ನಿಂತುಬಿಟ್ಟಿತು. ಆ ಯಂತ್ರದ ಒಳಭಾಗಗಳೇ ಬೇರೆ, ಈ ಯಂತ್ರದವೇ ಬೇರೆ. ಒಬ್ಬರ ಅಳತೆಗೆ ಹೊಲಿದ ಅಂಗಿ ಇನ್ನೊಬ್ಬರಿಗೆ ಹಿಡಿಯುವುದೇ? ನಮಗೆ ಬೇಕಾಗಿದ್ದುದು ಕಡತಗಳು ಮಾತ್ರ. ಅವನ್ನಷ್ಟೇ ಹೊರತೆಗೆಯೋಣವೆಂದರೆ ಬ್ಯಾಕಪ್ ಎಲ್ಲವೂ ಒಂದೇ ದೊಡ್ಡ ಮೂಟೆಯಾಗಿ ಕೂತಿತ್ತು. ಕಟ್ಟಿದ ಸಾಫ್ಟ್‌ವೇರ್ ಇಲ್ಲದೆ ಆ ಮೂಟೆ ಬಿಚ್ಚುವುದಿಲ್ಲ. ಸಾಫ್ಟ್‌ವೇರ್ ಹಾಕಿದರೆ ಅದು ಪಾಸ್‌ವರ್ಡ್ ಕೇಳಿತು. ಪಾಸ್‌ವರ್ಡ್ ಇಟ್ಟಿದ್ದ ತಮ್ಮ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗಿ ಎರಡು ವರ್ಷವಾಗಿತ್ತು. ಮೂರು ದಿನ ಅವನ ಫೋನೇ ಸಿಕ್ಕಲಿಲ್ಲ. ಸಿಕ್ಕಾಗ, "ಅಣ್ಣಾ, ನಮ್ಮ ಊರಿನ ಹೆಸರು, ಮುಂದೆ ಅಮ್ಮ ಹುಟ್ಟಿದ ವರ್ಷ" ಎಂದ. ಅವನಿಗೆ ಮರೆತಿದ್ದರೆ? ಆ ಗುಟ್ಟು ಒಬ್ಬನ ತಲೆಯಲ್ಲಿ ಮಾತ್ರ ಇತ್ತೆಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮೂಟೆ ಬಿಚ್ಚಿತು. ಅರ್ಧ ಕಡತಗಳು ಕಣ್ಣೆದುರಿಗೆ ಇದ್ದರೂ ತೆರೆಯಲು ಹೋದರೆ ಅನುಮತಿಯಿಲ್ಲ ಎಂದವು. ಹಳೆಯ ಯಂತ್ರದಲ್ಲಿದ್ದ ಒಡೆಯನ ಗುರುತು ಹೊಸ ಯಂತ್ರಕ್ಕೆ ತಿಳಿಯದು. ಒಡೆತನವನ್ನು ಹೊಸದಾಗಿ ಬರೆದುಕೊಂಡ ಮೇಲೆ ತೆರೆದವು. ತೆರೆದರೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಚುಕ್ಕಿ, ಗೆರೆ, ನಡುನಡುವೆ ಹಣದ ಗುರುತು. ಸದಸ್ಯರ ಪಟ್ಟಿಯನ್ನು ನಾವು ನುಡಿಯ ಹಳೆಯ ಅಕ್ಷರಮಾದರಿಯಲ್ಲಿ ಟೈಪು ಮಾಡಿದ್ದೆವು. ಆ ಮಾದರಿಯಲ್ಲಿ ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳೇ. ನುಡಿಯ ಫಾಂಟ್ ಇದ್ದ ಯಂತ್ರ ಮಾತ್ರ ಅವನ್ನು ಕನ್ನಡವಾಗಿ ತೋರಿಸುತ್ತದೆ. ನಾವಿರುವುದು ತಮಿಳುನಾಡಿನಲ್ಲಿ, ಹೊಸೂರಿನ ಅಂಗಡಿಯ ಯಂತ್ರದಲ್ಲಿ ತಮಿಳು ಫಾಂಟುಗಳಿದ್ದವು, ನುಡಿ ಎಲ್ಲಿಂದ ಬರಬೇಕು? ಅದನ್ನು ಹಾಕಿದ ಕೂಡಲೇ ನಿಮ್ಮ ಹೆಸರುಗಳೆಲ್ಲ ಮರಳಿ ಎದ್ದು ಬಂದವು. ಈಗ ಪಟ್ಟಿಯನ್ನೆಲ್ಲ ಯೂನಿಕೋಡಿಗೆ ಬದಲಾಯಿಸಿದ್ದೇವೆ. ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಇದೆ. 1991ರಲ್ಲಿ ಬಂದ ಮೊದಲ ಆವೃತ್ತಿಯಲ್ಲೇ ಕನ್ನಡ ಸೇರಿತ್ತು; ನಾವೇ ತಡಮಾಡಿದವರು.

ಇಂಥದ್ದು ಬಡ ಸಂಘಕ್ಕೆ ಮಾತ್ರ ಬರುವ ಅವಮಾನವೆಂದು ತಿಳಿಯಬೇಡಿ. ಗಿಟ್‌ಲ್ಯಾಬ್ ಎಂಬ ಕಂಪನಿಯ ಕೆಲಸವೇ ಲೋಕದ ಸಾಫ್ಟ್‌ವೇರ್ ಬರೆಯುವವರ ಕಡತಗಳನ್ನು ಕಾಪಾಡಿಕೊಡುವುದು. 2017ರ ಜನವರಿ 31ರಂದು ಅಲ್ಲಿ ದಣಿದಿದ್ದ ಕೆಲಸಗಾರನೊಬ್ಬ ಒಂದು ಸರ್ವರ್ ಎಂದುಕೊಂಡು ಇನ್ನೊಂದರ ಕಡತಗಳನ್ನು ಅಳಿಸಿದ. ತಿಳಿದು ನಿಲ್ಲಿಸುವಷ್ಟರಲ್ಲಿ ಸುಮಾರು 300 ಗಿಗಾಬೈಟಿನಲ್ಲಿ ನಾಲ್ಕೂವರೆ ಮಾತ್ರ ಉಳಿದಿತ್ತು. ಬ್ಯಾಕಪ್ಪಿಗೆ ಐದು ಬಗೆಯ ಏರ್ಪಾಡಿದ್ದರೂ ಯಾವುದೂ ನೆಟ್ಟಗೆ ಕೈಹಿಡಿಯಲಿಲ್ಲ. ಅದರಲ್ಲೊಂದು, ಸಾಫ್ಟ್‌ವೇರಿನ ಆವೃತ್ತಿ ಹೊಂದದೆ, ನಡೆಯುತ್ತಲೇ ಇರಲಿಲ್ಲ. ಅದನ್ನು ತಿಳಿಸುವ ಪತ್ರಗಳೂ ತಲುಪುತ್ತಿರಲಿಲ್ಲ. ಕಡೆಗೆ ಪರೀಕ್ಷೆಯ ಯಂತ್ರವೊಂದಕ್ಕಾಗಿ ಆರು ಗಂಟೆ ಮುಂಚೆ ತೆಗೆದಿದ್ದ ಪ್ರತಿಯೇ ಅವರನ್ನು ಉಳಿಸಿತು. ಆ ಆರು ಗಂಟೆಯ ಕೆಲಸ ಹೋಯಿತು. ಆದರೆ ನಡೆದುದನ್ನೆಲ್ಲ ಅವರು ಬಹಿರಂಗವಾಗಿ ಬರೆದರು. ತಪ್ಪನ್ನು ಒಬ್ಬ ಕೆಲಸಗಾರನ ತಲೆಗೆ ಕಟ್ಟದೆ ವ್ಯವಸ್ಥೆಯ ದೋಷವೆಂದರು. ನಮ್ಮ ತೋಟಗಳ ರೈಟರುಗಳು, ಮೇಸ್ತ್ರಿಗಳು ಇದನ್ನು ಕೇಳಬೇಕಿತ್ತು.

ಇನ್ನು ನಮ್ಮ ಇನ್ನೊಂದು ತಪ್ಪು. ಸರ್ವರ್ ಸತ್ತಿದ್ದ ಮೂರು ವಾರಗಳ ಚಂದಾ ಲೆಕ್ಕವನ್ನು ಆ ಹೊಸ ಯಂತ್ರದಲ್ಲೇ ಬರೆದಿದ್ದೆವು. ಹಳೆಯದನ್ನು ಮರಳಿ ತುಂಬುವಾಗ ಅವಸರದಲ್ಲಿ ಅದೇ ಹೆಸರಿನ ಹೊಸ ಕಡತದ ಮೇಲೆ ಹಾಕಿಬಿಟ್ಟೆವು. ಮೂರು ವಾರದ ಲೆಕ್ಕ ಅಳಿಸಿಹೋಯಿತು. ರಸೀದಿ ಪುಸ್ತಕವಿತ್ತು, ಎರಡು ಸಂಜೆ ಕೂತು ಮತ್ತೆ ಬರೆದೆವು. ಬೇರೊಂದು ಖಾಲಿ ಫೋಲ್ಡರಿಗೆ ಮೊದಲು ಇಳಿಸಿ, ಎಣಿಸಿ, ಹತ್ತಾರನ್ನು ತೆರೆದು ನೋಡಿ, ಆಮೇಲೆ ಜಾಗಕ್ಕೆ ಸೇರಿಸಬೇಕಿತ್ತು.

ಇಷ್ಟೆಲ್ಲ ನಡೆಯುವಾಗ ಒಬ್ಬ ಅಜ್ಜಿ ದಿನಾ ಬಂದು ಕಚೇರಿಯ ಜಗಲಿಯ ಮೇಲೆ ಕೂರುತ್ತಿದ್ದರು. ಲಂಗ ಉಡುವ ವಯಸ್ಸಿನಲ್ಲೇ ತೋಟಕ್ಕೆ ಸೇರಿದವರು. ಆಡಳಿತದ ದಾಖಲೆಯಲ್ಲಿ ಅವರು ಸೇರಿದ್ದು ಹನ್ನೊಂದು ವರ್ಷ ತಡವಾಗಿ. ಗ್ರಾಚ್ಯುಟಿ ಲೆಕ್ಕ ಹಾಕುವುದು ದುಡಿದ ವರ್ಷಗಳ ಮೇಲೆ. ಹನ್ನೊಂದು ವರ್ಷವೆಂದರೆ ಎಷ್ಟು ಹಣ, ನೀವೇ ನೋಡಿಕೊಳ್ಳಿ. ಅವರ ಮೊದಲ ಸಂಬಳದ ಚೀಟಿಗಳು ಮನೆಯ ಮಾಡು ಸೋರಿ ಕೊಳೆತುಹೋಗಿದ್ದವು. ನಾವು ಸ್ಕ್ಯಾನ್ ಮಾಡಿದ್ದ ಪ್ರತಿ ಒಂದೇ ಉಳಿದದ್ದು. ಪಟ್ಟಿಯಲ್ಲಿ ಅವರ ಹೆಸರನ್ನು ಒತ್ತಿದರೆ ಚೀಟಿ ಬರುತ್ತಿರಲಿಲ್ಲ, ಏಕೆಂದರೆ ಪಟ್ಟಿ ಹಳೆಯ ಯಂತ್ರದ ಡಿ ಡ್ರೈವಿಗೆ ದಾರಿ ತೋರಿಸುತ್ತಿತ್ತು. ಈ ಯಂತ್ರದಲ್ಲಿ ಡಿ ಡ್ರೈವೇ ಇಲ್ಲ. "ಅಲ್ಲಪ್ಪಾ ಉಪದೇಶಿ, ಆ ಡಬ್ಬದಾಗ ಇಟ್ಟಿದ್ದು ಈ ಡಬ್ಬದಾಗ ಬರಾಕೆ ಇಷ್ಟು ದಿನಾನಾ?" ಎಂದು ಅವರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಒಂದೊಂದಾಗಿ ಚಿತ್ರಗಳನ್ನು ತೆರೆಯುತ್ತ ಹೋಗಿ ಎರಡನೆಯ ದಿನ ಮಧ್ಯಾಹ್ನ ಚೀಟಿ ಸಿಕ್ಕಿತು. ಹೆಬ್ಬೆಟ್ಟಿನ ಗುರುತು, ಮೇಸ್ತ್ರಿಯ ಸಹಿ, ವರ್ಷ, ಎಲ್ಲ ಸ್ಪಷ್ಟ. ಅರ್ಜಿಗೆ ಲಗತ್ತಿಸಿದ್ದೇವೆ. ತೀರ್ಮಾನ ಇನ್ನೂ ಬಂದಿಲ್ಲ. ಅಜ್ಜಿ ಒಂದು ಪ್ರತಿಯನ್ನು ಕೇಳಿ ಪಡೆದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟುಕೊಂಡಿದ್ದಾರೆ.

ಬರುವ ತಿಂಗಳ ಮೊದಲ ಭಾನುವಾರ, ಪೂಜೆ ಮುಗಿದ ಮೇಲೆ, ಆ ಡಿಸ್ಕನ್ನು ನಮ್ಮದಲ್ಲದ ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಲಿದ್ದೇವೆ. ಲ್ಯಾಪ್‌ಟಾಪ್ ಇರುವ ಮಕ್ಕಳು ಇಬ್ಬರಾದರೂ ತೆಗೆದುಕೊಂಡು ಬನ್ನಿ. ಪಾಸ್‌ವರ್ಡನ್ನು ಲಕೋಟೆಯಲ್ಲಿ ಅಂಟಿಸಿ ಖಜಾಂಚಿಯವರಲ್ಲೊಂದು, ಮಹಿಳಾ ಪ್ರತಿನಿಧಿಯವರಲ್ಲೊಂದು ಇಟ್ಟಿದೆ. ಸಂಬಳದ ಹಳೆಯ ಚೀಟಿ ಮನೆಯಲ್ಲಿ ಇರುವವರು ಅದೇ ದಿನ ತನ್ನಿ. ಮೂಲವನ್ನು ಅಲ್ಲಿಯೇ ನಿಮ್ಮ ಕೈಗೆ ಹಿಂದಿರುಗಿಸುತ್ತೇವೆ.