ಮೇಲಿನ ಮೆಟ್ಟಿಲಿಗೆ ದುಡ್ಡು ಕಟ್ಟುವ ಮುಂಚೆ
(ಬಡಾವಣೆಯ ಗೆಳೆಯರ ಸಭೆಯಲ್ಲಿ ಆಡಿದ ಮಾತು)



ಕಾರಿನ ವಿಚಾರ ನಮಗ್ಯಾಕೆ ಎನ್ನಬೇಡಿ. ಬ್ಯಾಂಕಿನಲ್ಲಿ ಸಾಲ ಮಾಡಿ ಹನ್ನೆರಡು, ಹದಿನೈದು, ಇಪ್ಪತ್ತು ಲಕ್ಷ ಸುರಿಯುವವರು ನಮ್ಮವರೇ. ಪಟ್ಟಿ ಓದದೆ ಸಹಿ ಹಾಕುವವರೂ ನಮ್ಮವರೇ!

ಈಗ ಎಲ್ಲರಿಗೂ ಬೇಕಾಗಿರುವುದು ಮಧ್ಯಮ ಗಾತ್ರದ ಎಸ್‌ಯುವಿ. ನೋಡಲು ಜೀಪಿನ ಗತ್ತು, ಒಳಗಿನ ಕಟ್ಟು ಕಾರಿನದೇ. ಇಂಥ ಎರಡು ಗಾಡಿಗಳು ನಮ್ಮ ಬಿಡದಿಯವು. ಟೊಯೋಟಾದ ಹೈರೈಡರ್ ಮತ್ತು ಮಾರುತಿಯ ಗ್ರಾಂಡ್ ವಿಟಾರಾ 2022ರಲ್ಲಿ ಅಲ್ಲಿನ ಒಂದೇ ಕಾರ್ಖಾನೆಯಿಂದ ಹೊರಬಂದವು. ಅಣ್ಣ ತಮ್ಮ ಇದ್ದ ಹಾಗೆ, ಮುಖ ಮಾತ್ರ ಬೇರೆ.

ಒಂದಕ್ಕೆ ಇ, ಎಸ್, ಜಿ, ವಿ ಎಂದು ನಾಲ್ಕು ಮೆಟ್ಟಿಲು. ಇನ್ನೊಂದಕ್ಕೆ ಸಿಗ್ಮಾ, ಡೆಲ್ಟಾ, ಝೀಟಾ, ಆಲ್ಫಾ. ಗ್ರೀಕರ ಅಕ್ಷರಮಾಲೆಯ ಕ್ರಮವೂ ಇದಲ್ಲ, ತಿರುಗಾಮುರುಗಾ ಓದಿದರೂ ಕೂಡಿಬರುವುದಿಲ್ಲ! ಸಿಗ್ಮಾ ಎಲ್ಲಕ್ಕಿಂತ ಕೆಳಗೆ, ಆಲ್ಫಾ ತುದಿಗೆ. ಇಷ್ಟು ನೆನಪಿದ್ದರೆ ಸಾಕು.

ನಮ್ಮಲ್ಲಿ ಬೇಕಾದ ಸಾಮಾನನ್ನು ಬಿಡಿಬಿಡಿಯಾಗಿ ಆರಿಸಿ ಕಾರ್ಖಾನೆಯಿಂದಲೇ ಹಾಕಿಸಿಕೊಳ್ಳುವ ಪದ್ಧತಿ ಇಲ್ಲವೆನ್ನುವಷ್ಟು ಕಡಿಮೆ. ಮೆಟ್ಟಿಲಿಗೆ ಮೆಟ್ಟಿಲೇ ಕೊಳ್ಳಬೇಕು. ಸಕಲೇಶಪುರದ ತೋಟದವರಿಗೆ ಮಳೆಗಾಲದ ಕೆಸರಿಗಾಗಿ ನಾಲ್ಕೂ ಚಕ್ರಕ್ಕೆ ಎಂಜಿನಿನ ಬಲ ಹೋಗುವ ಗಾಡಿ ಬೇಕು ಅನ್ನಿ. ಈ ಎರಡು ಗಾಡಿಗಳಲ್ಲಿ ಅದು ಬಂದದ್ದು ತುದಿಯ ಮೆಟ್ಟಿಲಿಗೆ ಮಾತ್ರ. ಬೇಡವೆಂದರೂ ಗಾಜಿನ ಮಾಡಿಗೆ, ಮೆತ್ತನೆ ಸೀಟಿಗೆ ದುಡ್ಡು ಕಟ್ಟಲೇಬೇಕು. ಪೆಟ್ರೋಲ್ ಹೆಚ್ಚು ಉಳಿಸುವ ಸ್ಟ್ರಾಂಗ್ ಹೈಬ್ರಿಡ್ ಬೇಕೆಂದಿರೋ, ಅದರಲ್ಲಿ ನಾಲ್ಕು ಚಕ್ರದ ಬಲ ಇಲ್ಲ. ಬ್ಯಾಟರಿ ಹಿಂದೆ ಕೂತಿರುವುದರಿಂದ ಡಿಕ್ಕಿಯ ಜಾಗವೂ ಕಡಿಮೆ. ಮದುವೆಗೆ ಹೊರಡುವ ಸಂಸಾರ ಸೂಟ್‌ಕೇಸು ತೆಗೆದುಕೊಂಡು ಹೋಗಿ ಇಟ್ಟು ನೋಡಿಯೇ ಬುಕ್ ಮಾಡಬೇಕು.

ಈಗ ಪ್ರಾಣದ ಮಾತು. ಮುಂದಿನ ಎರಡು ಸೀಟಿಗೂ ಏರ್‌ಬ್ಯಾಗ್ ಇರಲೇಬೇಕೆಂಬುದು ಎಲ್ಲಾ ಹೊಸ ಕಾರುಗಳಿಗೆ ಅನ್ವಯವಾದದ್ದು 2022ರ ಜನವರಿಯಿಂದ. ಆರು ಏರ್‌ಬ್ಯಾಗ್ ಕಡ್ಡಾಯ ಮಾಡುತ್ತೇವೆಂದ ಕೇಂದ್ರ ಸರ್ಕಾರ ಒಮ್ಮೆ ಮುಂದಕ್ಕೆ ಹಾಕಿತು, 2023ರಲ್ಲಿ ಕೈಬಿಟ್ಟಿತು. ಹೀಗಾಗಿ ನಾನು ಹೇಳಿದ ಎರಡೂ ಗಾಡಿಗಳಲ್ಲಿ ಕೆಳಗಿನ ಮೆಟ್ಟಿಲಿಗೆ ಎರಡು, ಮೇಲಿನದಕ್ಕೆ ಆರು. 2025ರಲ್ಲಿ ಎಲ್ಲಾ ಮೆಟ್ಟಿಲಿಗೂ ಆರು ಕೊಟ್ಟರು, ಒಳ್ಳೆಯದಾಯಿತು. ಆದರೆ ಅದಕ್ಕೆ ಮುಂಚಿನ ಗಾಡಿಗಳು ಇವತ್ತು ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿವೆ. ಕೊಳ್ಳುವಾಗ ಹೊಳಪು ನೋಡಬೇಡಿ, ಏರ್‌ಬ್ಯಾಗ್ ಎಷ್ಟು ಎಂದು ಕೇಳಿ.

ನಮ್ಮ ಭಾವನ ಕಥೆ ಕೇಳಿ. ಗಾಡಿಯ ಹೆಸರೂ ಬೇಡ, ಮಾರಿದವರ ಹೆಸರೂ ಬೇಡ. ದುಡ್ಡು ಉಳಿಸಲೆಂದು ಎರಡು ಏರ್‌ಬ್ಯಾಗಿನ ಮೆಟ್ಟಿಲು ಕೊಂಡರು. ಆಮೇಲೆ ಅಲಾಯ್ ಚಕ್ರ, ದೊಡ್ಡ ಟಿವಿಯಂಥ ಪರದೆ, ನೀಲಿ ದೀಪ, ಚರ್ಮದಂಥ ಸೀಟ್ ಕವರ್ ಎಂದು ಒಂದೊಂದೇ ಏರಿಸಿದರು. ಕೊನೆಗೆ ಅಕ್ಕ ಲೆಕ್ಕ ಹಾಕಿದರೆ ಮೇಲಿನ ಮೆಟ್ಟಿಲಿಗೂ ಇವರ ಖರ್ಚಿಗೂ ಅಂತರವೇ ಉಳಿದಿರಲಿಲ್ಲ. "ದೀಪ ಬಂತು, ಮಕ್ಕಳ ಪಕ್ಕಕ್ಕೆ ಏನು ಬಂತು?" ಎಂದು ಆಕೆ ಕೇಳಿದ್ದಕ್ಕೆ ಭಾವನ ಬಳಿ ಉತ್ತರ ಇರಲಿಲ್ಲ.

ಆರು ಏರ್‌ಬ್ಯಾಗ್ ಇದ್ದವರಿಗೂ ಒಂದು ಮಾತು. ಪಕ್ಕದ ಏರ್‌ಬ್ಯಾಗ್ ಸೀಟಿನ ಅಂಚಿನಿಂದಲೇ ಸಿಡಿದು ಬರುತ್ತದೆ. ಅದರ ಮೇಲೆ ಬಿಗಿಯಾದ ಕವರ್ ಹೊಲಿಸಿದರೆ ಅದು ಬರುವುದಾದರೂ ಎಲ್ಲಿಂದ ಸ್ವಾಮಿ? ಗಾಜಿನ ಮಾಡಿನಲ್ಲಿ ಮಕ್ಕಳನ್ನು ನಿಲ್ಲಿಸುವ ಹುಚ್ಚು ಬೇರೆ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲೇ ಹಾಗೆ ನಿಂತ ಹುಡುಗನ ತಲೆ ರಸ್ತೆಗೆ ಅಡ್ಡಲಾಗಿದ್ದ ಕಬ್ಬಿಣದ ತಡೆಗೆ ಬಡಿಯಿತು. ಮುಂದಿನ ಬುಲ್ ಬಾರ್ ಕೂಡ ಬೇಡ. 2017ರಲ್ಲೇ ಅದಕ್ಕೆ ನಿಷೇಧ ಬಿದ್ದಿದೆ.

ತೆರಿಗೆಯ ಗುಟ್ಟೂ ತಿಳಿದಿರಲಿ. ನಮ್ಮ ರಾಜ್ಯದಲ್ಲಿ ಹತ್ತು ಲಕ್ಷ ದಾಟಿದ ಪೆಟ್ರೋಲ್ ಗಾಡಿಗೆ ಜೀವಾವಧಿ ತೆರಿಗೆ ನೂರಕ್ಕೆ 17, ಇಪ್ಪತ್ತು ಲಕ್ಷ ದಾಟಿದರೆ 18. ಬರೀ ಹೆಚ್ಚಾದ ಮೊತ್ತಕ್ಕಲ್ಲ, ಪೂರ್ತಿ ಬೆಲೆಗೆ! 19,90,000ದ ಗಾಡಿಗೆ 3,38,300. 20,10,000ಕ್ಕೆ 3,61,800. ಬೆಲೆ ಏರಿದ್ದು ಇಪ್ಪತ್ತು ಸಾವಿರ, ತೆರಿಗೆ ಏರಿದ್ದು ಇಪ್ಪತ್ತಮೂರೂವರೆ ಸಾವಿರ. ಸೆಸ್ ಬೇರೆ. ಆದ್ದರಿಂದ ಮೆಟ್ಟಿಲಿನ ಬೆಲೆಯನ್ನು ಯಾವತ್ತೂ ರಸ್ತೆಗೆ ಇಳಿದ ಮೇಲಿನ ಬೆಲೆಯಲ್ಲೇ ಹೋಲಿಸಿ. ವಿಮೆಯನ್ನು ಮಾರುವವನ ಬಳಿಯೇ ಮಾಡಿಸಬೇಕೆಂಬ ಕಾನೂನಿಲ್ಲ.

ನಾನು ಹೋಗಿದ್ದ ಒಂದು ಅಂಗಡಿಯಲ್ಲಿ ಕೊಟ್ಟದ್ದು ಪೂರ್ತಿ ಇಂಗ್ಲಿಷ್ ಪಟ್ಟಿ. ಸಹಿ ಹಾಕಲಿಲ್ಲ. ಕಾರ್ಖಾನೆಯಿಂದ ಬರುವುದು ಯಾವುದು, ಅಂಗಡಿಯಲ್ಲಿ ಹಾಕುವುದು ಯಾವುದು, ಯಾವುದಕ್ಕೆ ಎಷ್ಟು ಎಂದು ಕನ್ನಡದಲ್ಲಿ ಬರೆದುಕೊಡಿ ಎಂದೆ. ಹುಡುಗ ಮಂಡ್ಯದ ಕಡೆಯವನು, ನಕ್ಕು ಬರೆದುಕೊಟ್ಟ. ಬರೆಯುವಾಗ ತಾನೇ ಎರಡು ಬಾಬ್ತು ಹೊಡೆದುಹಾಕಿ, "ಇವು ಬೇಡ ಬಿಡಿ ಸಾರ್" ಎಂದ.