ತಿಳಿನೀರೆಲ್ಲ ಒಳ್ಳೆಯ ನೀರಲ್ಲ

(ಗ್ರಾಮಸೇವಕರೊಬ್ಬರು ಊರ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನ ನಾನು ಬೀಜದ ಮಾತನ್ನಾಗಲಿ, ಗೊಬ್ಬರದ ಮಾತನ್ನಾಗಲಿ ಆಡಲು ನಿಂತಿಲ್ಲ. ಕುಡಿಯುವ ನೀರಿನ ವಿಷಯವಾಗಿ ನಾಲ್ಕು ಮಾತು ಹೇಳಬೇಕಾಗಿದೆ. ಮೊದಲು ನನ್ನದೇ ಒಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ತಾಯಿ ಕೊಳವೆಬಾವಿಯ ನೀರನ್ನು ಚೊಂಬಿನಲ್ಲಿ ತಂದು, “ತಮ್ಮಾ, ಈ ನೀರು ಕುಡಿಯಾಕ ಬರ್ತೈತೇನು?” ಎಂದು ಕೇಳಿದರು. ನೀರು ಕನ್ನಡಿಯಂತೆ ತಿಳಿಯಾಗಿತ್ತು. “ಕುದಿಸಿ ಆರಿಸಿ ಕುಡೀರಿ ಅವ್ವಾ, ಅಂಜಿಕೆ ಏನಿಲ್ಲ” ಎಂದೆ. ಅವರ ಯಜಮಾನರ ಅಂಗೈ ಗಂಟುಗಂಟಾಗಿದ್ದುದನ್ನು ಕಂಡಿದ್ದೆ. ದುಡಿಮೆಯ ಗುರುತೆಂದುಕೊಂಡು ಸುಮ್ಮನಾದೆ. ಮುಂದೆ ಪರೀಕ್ಷೆಯಾದಾಗ ಆ ನೀರಿನಲ್ಲಿ ಆರ್ಸೆನಿಕ್ ಎಂಬ ಪಾಷಾಣ ಮಿತಿಮೀರಿ ಇದ್ದುದು ತಿಳಿಯಿತು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಪಾಷಾಣ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ದಟ್ಟವಾಗುತ್ತದೆ. ನಾನು ಕೊಟ್ಟ ಬುದ್ಧಿವಾದ ಇಂಥದು!

ಇದು ಎಲ್ಲಿಯೋ ದೂರದ ಮಾತಲ್ಲ. ಯಾದಗಿರಿ ಜಿಲ್ಲೆಯಲ್ಲಿ ಹಿಂದೆ ಚಿನ್ನ ತೆಗೆಯುತ್ತಿದ್ದ ಮಂಗಳೂರು ಎಂಬ ಊರಿನ ಸೀಮೆಯಿದೆ. ಅಲ್ಲಿನ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಇದ್ದುದನ್ನೂ, ಅದರಿಂದ ಜನರ ಚರ್ಮದ ಮೇಲೆ ರೋಗದ ಗುರುತು ಮೂಡಿದ್ದನ್ನೂ 2013ರಲ್ಲಿ ಅಚ್ಚಾದ ಒಂದು ಅಧ್ಯಯನ ತೋರಿಸಿಕೊಟ್ಟಿತು. ಚಿನ್ನದ ಜೊತೆಗಿರುವ ಕಲ್ಲಿನಲ್ಲಿಯೇ ಈ ಪಾಷಾಣವೂ ಇರುವುದುಂಟು. ಒಂದು ಲೀಟರ್ ನೀರಿನಲ್ಲಿ ಆರ್ಸೆನಿಕ್ 10 ಮೈಕ್ರೋಗ್ರಾಂ ಮೀರಬಾರದು. ಸೀಸಕ್ಕೂ ಅದೇ ಮಿತಿ. ಅದೆಷ್ಟೆಂದರೆ, ಒಂದು ಅಕ್ಕಿಕಾಳಿನ ತೂಕದಷ್ಟು ಪಾಷಾಣ ಸುಮಾರು 2000 ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸುತ್ತದೆ. ಇಷ್ಟು ಅಲ್ಪವಾದುದನ್ನು ಕಣ್ಣು ಕಾಣದು, ನಾಲಿಗೆ ಅರಿಯದು, ಬಟ್ಟೆಯಲ್ಲಿ ಸೋಸಿದರೆ ನಿಲ್ಲದು.

ಹಾಗಾದರೆ ತೆಗೆಯುವ ಬಗೆ ಹೇಗೆ? ವಿಜ್ಞಾನಿಗಳು ಕಂಡುಕೊಂಡಿರುವ ಒಂದು ಉಪಾಯವನ್ನು ಹೇಳುತ್ತೇನೆ. ಮರಳಿನಲ್ಲಿರುವ ಸಿಲಿಕಾ ತಮಗೆ ಗೊತ್ತು. ಆ ಸಿಲಿಕಾದಲ್ಲಿ ಜೇನುಗೂಡಿನ ಕಣ್ಣುಗಳಂತೆ ಸಾಲುಸಾಲಾಗಿ ಅತಿ ಸೂಕ್ಷ್ಮ ರಂಧ್ರಗಳಿರುವ ಪುಡಿಯನ್ನು 1992ರಲ್ಲಿ ಅಮೆರಿಕದ ಮೊಬಿಲ್ ಕಂಪನಿಯವರೂ, ಇನ್ನಷ್ಟು ಅಗಲವಾದ ರಂಧ್ರಗಳ ಪುಡಿಯನ್ನು 1998ರಲ್ಲಿ ಸಾಂತಾ ಬಾರ್ಬರಾ ವಿಶ್ವವಿದ್ಯಾಲಯದವರೂ ಪ್ರಕಟಿಸಿದರು. ಇಂಥ ಒಂದು ಗ್ರಾಂ ಪುಡಿಯ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ 800 ಚದರ ಮೀಟರ್, ಅಂದರೆ 8 ಗುಂಟೆಯಷ್ಟಾದೀತು. ಐದು ಗ್ರಾಂ ಪುಡಿಯೊಳಗೆ ಒಂದು ಎಕರೆ!

ಈ ಎಕರೆಯಲ್ಲಿ ಗೂಟ ನೆಡಬೇಕು. ಆ ಗೂಟಗಳೇ ಅಮೈನ್‌ಗಳು. ದನದ ಕೊಟ್ಟಿಗೆಯಲ್ಲಿ ಮುಂಜಾನೆ ಮೂಗಿಗೆ ಹೊಡೆಯುವ ಘಾಟು ಅಮೋನಿಯದ್ದು. ಅಮೈನ್ ಅದರ ಬಳಗಕ್ಕೆ ಸೇರಿದ್ದು. ಅದರಲ್ಲಿರುವ ಸಾರಜನಕವು ಸೀಸ, ತಾಮ್ರ, ಕ್ಯಾಡ್ಮಿಯಂ ಮೊದಲಾದ ಲೋಹಗಳನ್ನು ಹಿಡಿದು ಕಟ್ಟಿಕೊಳ್ಳುತ್ತದೆ. ನೀರು ಮುಂದೆ ಹೋಗುತ್ತದೆ, ಲೋಹ ಗೂಟದಲ್ಲಿ ಉಳಿಯುತ್ತದೆ. ತೆಳುವಾದ ಆಮ್ಲದಿಂದ ತೊಳೆದರೆ ಕಟ್ಟು ಬಿಚ್ಚಿ ಗೂಟ ಮತ್ತೆ ಬರಿದಾಗುತ್ತದೆ.

ಇನ್ನೊಂದು ಸಂಗತಿ ಕೇಳಿರಿ. ಭತ್ತದ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾವೇ ಇರುತ್ತದೆ. ಗಂಗಾವತಿ, ಸಿಂಧನೂರುಗಳಂಥ ಊರುಗಳ ಅಕ್ಕಿ ಗಿರಣಿಯಲ್ಲಿ ಬೀಳುವ ಬೂದಿ ಇಂಥ ಪುಡಿಗೆ ಕಚ್ಚಾವಸ್ತುವಾಗಬಲ್ಲದೆಂದು ಪ್ರಯೋಗಶಾಲೆಗಳಲ್ಲಿ ತೋರಿಸಿದ್ದಾರೆ. ಆದರೆ ಬರಿಯ ಬೂದಿಯನ್ನು ಕೊಡಕ್ಕೆ ಸುರಿದರೆ ಈ ಕೆಲಸ ನಡೆಯದು. ಯಾರೂ ಹಾಗೆ ಮಾಡಕೂಡದು.

ಈ ಉಪಾಯಕ್ಕೂ ಮಿತಿಯುಂಟು. ಗೂಟಗಳೆಲ್ಲ ತುಂಬಿದ ಮೇಲೆ ಬಂದ ದನ ಹೊರಗೇ ಉಳಿಯುವಂತೆ, ಪುಡಿ ತುಂಬಿದ ಮೇಲೆ ಲೋಹ ನೀರಿನೊಡನೆ ನೇರವಾಗಿ ಹಾದುಬರುತ್ತದೆ. ಆಗಲೂ ನೀರು ತಿಳಿಯಾಗಿಯೇ ಕಾಣುತ್ತದೆ. ನೀರಿನ ಬೇರೆ ಲವಣಗಳೂ ಗೂಟಕ್ಕೆ ಪೈಪೋಟಿ ಮಾಡುತ್ತವೆ. ಆರ್ಸೆನಿಕ್‌ನಲ್ಲಿ ಎರಡು ಬಗೆ. ಒಂದನ್ನು ಅಮೈನ್ ಹಿಡಿದೀತು, ಇನ್ನೊಂದು ತಪ್ಪಿಸಿಕೊಳ್ಳುತ್ತದೆ. ಈ ಪುಡಿಯ ಕೆಲಸ ಇಂದಿಗೂ ಹೆಚ್ಚಾಗಿ ಪ್ರಯೋಗಶಾಲೆಯಲ್ಲಿಯೇ ನಡೆದಿದೆ. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಆರ್ಸೆನಿಕ್ ತೆಗೆಯಲು ಕೈಪಂಪಿಗೆ ಜೋಡಿಸಿದ್ದು ಅಲ್ಯೂಮಿನಾ ತುಂಬಿದ ಶೋಧಕಗಳನ್ನು. ಅವಕ್ಕೂ ಗೂಟದ ನಿಯಮವೇ.

ಆದುದರಿಂದ ಯಾರಾದರೂ ಶೋಧಕವನ್ನು ಮಾರಲು ಬಂದರೆ ಮೂರು ಪ್ರಶ್ನೆ ಕೇಳಿರಿ. ಒಂದು: ಇದು ಯಾವ ಲೋಹವನ್ನು ಹಿಡಿಯುತ್ತದೆ? ಎರಡು: ನಮ್ಮ ಊರಿನ ನೀರಿನಲ್ಲಿ ಎಷ್ಟು ಕೊಡಕ್ಕೆ ಇದು ತುಂಬುತ್ತದೆ? ಮೂರು: ತೊಳೆದ ವಿಷದ ನೀರನ್ನೂ ಹಳೆಯ ಪುಡಿಯನ್ನೂ ಏನು ಮಾಡುವಿರಿ? ಅದನ್ನು ಹೊಲಕ್ಕೋ ಹಳ್ಳಕ್ಕೋ ಚೆಲ್ಲಿದರೆ ಕೊಡದ ವಿಷ ಊರಿನ ವಿಷವಾಗುತ್ತದೆ. ಉತ್ತರ ಬಾರದಿದ್ದರೆ ಹಣ ಕೊಡಬೇಡಿರಿ.

ಎಲ್ಲಕ್ಕೂ ಮೊದಲು ಪರೀಕ್ಷೆ. ಕುಡಿಯುವ ನೀರಿನ ಪ್ರತಿಯೊಂದು ಕೊಳವೆಬಾವಿಯ ನೀರನ್ನೂ ಸರ್ಕಾರಿ ನೀರು ಪರೀಕ್ಷಾಲಯಕ್ಕೆ ಕಳಿಸೋಣ. ಕ್ರಿಮಿಯ ಪರೀಕ್ಷೆಯಲ್ಲಿ ಲೋಹ ಗೊತ್ತಾಗುವುದಿಲ್ಲ. “ಆರ್ಸೆನಿಕ್ ಮತ್ತು ಸೀಸವನ್ನೂ ನೋಡಿರಿ” ಎಂದು ಬರೆದುಕೊಡಬೇಕು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಕೆಟ್ಟ ನೀರಿನ ಪಂಪಿಗೆ ಕೆಂಪು, ಒಳ್ಳೆಯದಕ್ಕೆ ಹಸಿರು ಬಣ್ಣ ಬಳಿದರು. ಓದು ಬಾರದವರಿಗೂ ಅದು ತಿಳಿಯುತ್ತದೆ. ಕೆಂಪು ಪಂಪಿನ ನೀರು ಬಟ್ಟೆ ಒಗೆಯಲು ಆದೀತು. ಕುಡಿಯಲು, ಅಡಿಗೆಗೆ ಬೇಡ.

ಆ ತಾಯಿಯ ಮನೆಗೆ ನಾನು ಮತ್ತೆ ಹೋಗಿ, “ಅವ್ವಾ, ಅಂದು ತಪ್ಪು ಹೇಳಿದೆ” ಎಂದೆ. ಅವರು ಬೈಯಲಿಲ್ಲ. “ಉಳಿದವರಿಗಾದ್ರೂ ಸರಿ ಹೇಳು ತಮ್ಮಾ” ಎಂದರು. ಅದಕ್ಕಾಗಿಯೇ ಈ ಮಾತು. ನಾಳೆ ಬೆಳಿಗ್ಗೆ ಶುದ್ಧ ಸೀಸೆಗಳೊಂದಿಗೆ ಪಂಚಾಯಿತಿಯ ಕಟ್ಟೆಯ ಬಳಿ ಇರುತ್ತೇನೆ. ಓಣಿಗೊಬ್ಬರಾದರೂ ಬನ್ನಿರಿ, ಒಟ್ಟಿಗೆ ಹೋಗಿ ನೀರು ತುಂಬಿಕೊಳ್ಳೋಣ.